ಕೆಂಪು ಚಲ್ಲಣದ ಪತಂಗ

ಡಾಗ್‌ವುಡ್ ಹಳ್ಳ, ಉತ್ತರ ಕೆರೊಲಿನಾ
ಜೂನ್ 28, 1972

ಡೋವಿ ಅಕ್ಕನಿಗೆ,

ಇವತ್ತು ಬೆಳಿಗ್ಗೆ ಇನ್ನೂ ಎರಡು ಕುಂಬಳದ ಬಳ್ಳಿ ನೆಲ ಹಿಡಿದವು. ನಿನ್ನೆ ಸಂಜೆ ಮೊರದಗಲ ಎಲೆ ಬಿಟ್ಟುಕೊಂಡು ಮದುವೆ ಮನೆಯ ಬೀಗಿತ್ತಿಯರ ಹಾಗೆ ನಿಂತಿದ್ದವು. ಎದ್ದು ನೋಡಿದರೆ ಒದ್ದೆ ಬಟ್ಟೆ ಜೋತುಬಿದ್ದ ಹಾಗೆ ಬಿದ್ದಿವೆ. ಬಾಯಾರಿಕೆ ಇರಬೇಕು ಅಂತ ನೀರು ಹೊಯ್ದೆ. ಇನ್ನಷ್ಟು ಜೋತುಬಿದ್ದವು. ಬೈದೆ. ಅದಕ್ಕೂ ಜಗ್ಗಲಿಲ್ಲ.

ನಾಲ್ಕು ವರ್ಷದಿಂದ ನಾವಿಬ್ಬರೂ ಮಾತಾಡುವುದಿಲ್ಲ ಎನ್ನುವುದು ನನಗೆ ನೆನಪಿದೆ. ಅದಕ್ಕೇ ಇದು ಮಾತಲ್ಲ, ಕಾಗದ. ನೀನು ಹಂದಿಮಾಂಸ ಹುರಿದರೆ ನನ್ನ ನಾಯಿ ಬಾಲ ಅಲ್ಲಾಡಿಸುತ್ತದೆ, ಅಷ್ಟು ಹತ್ತಿರದ ಮನೆ. ಆದರೂ ಈ ಕಾಗದ ಅಂಚೆಯ ಒಡೆಲ್‌ನ ಜೀಪು ಹತ್ತಿ ಪೇಟೆಗೆ ಹೋಗಿ, ಮುದ್ರೆ ಹೊಡೆಸಿಕೊಂಡು, ಅದೇ ಜೀಪಿನಲ್ಲಿ ವಾಪಸ್ಸು ಬಂದು ನನ್ನ ಪೆಟ್ಟಿಗೆಯ ಪಕ್ಕದ ನಿನ್ನ ಪೆಟ್ಟಿಗೆಗೆ ಬೀಳುತ್ತದೆ.

ಸ್ಟಾಂಪು ಕೊಂಡಾಗಲೇ ಒಡೆಲ್ ಕೇಳಿದ, "ಆರ್ವಿಲ್, ಈ ಪೆಟ್ಟಿಗೆಯಿಂದ ತೆಗೆದು ಆ ಪೆಟ್ಟಿಗೆಗೆ ನಾನೇ ಹಾಕ್ಬಿಡ್ಲಾ?"

"ಬೇಡಪ್ಪಾ, ಕಾಗದಕ್ಕೂ ಒಂದ್ಸಲ ಪೇಟೆ ನೋಡೋ ಆಸೆ ಇರುತ್ತೆ" ಅಂದೆ.

ವಿಷಯಕ್ಕೆ ಬರುತ್ತೇನೆ. ಈ ಸಲ ಹಾಕಿದ್ದು ಅಮ್ಮನ ರೋಸ್ಟರ್ ಕುಂಬಳದ ಕೊನೆಯ ಬೀಜಗಳು. ಡಬ್ಬಿ ಖಾಲಿ. ಮೂರು ವರ್ಷದಿಂದ ಒಂದು ಕಾಯಿಯೂ ಬಲಿತಿಲ್ಲ. ಇವೂ ಹೋದರೆ, ಗುಲಾಬಿ ಬಣ್ಣದ, ತೋಳುದ್ದದ, ತುದಿಯನ್ನು ಮಾತ್ರ ನೀಲಿ ಹಸಿರಿನಲ್ಲಿ ಅದ್ದಿ ತೆಗೆದಂಥ ಆ ಕಾಯಿ ಈ ಭೂಮಿಯ ಮೇಲೆ ಮುಗಿದೇ ಹೋಯಿತು. ಪೇಟೆಯಲ್ಲಿ ಮಾರುವುದು ಕುಂಬಳವಲ್ಲ, ನೀರು ತುಂಬಿದ ಚೆಂಡು.

ಪಂಚಾಂಗ ನೋಡಿಯೇ ಹಾಕಿದ್ದೆ. ಚಂದ್ರ ಮಿಥುನದಲ್ಲಿ, ಪಂಚಾಂಗದ ಲೆಕ್ಕಕ್ಕೆ ತೋಳಿನ ದಿನ, ಬಿತ್ತನೆಗೆ ಒಳ್ಳೆಯದು. ಗೊಬ್ಬರ ಹಾಕಿದ್ದೇನೆ. ಕಣಜದ ಹುಳುಗಳಿಗೂ ಬರವಿಲ್ಲ. ಕೆಂಪು ಹೊಟ್ಟೆಯವು, ಬಿಸಿಲೇರಿದ ಮೇಲೆ ಬಳ್ಳಿಯ ಬುಡದಲ್ಲೇ ಸುಳಿದಾಡುತ್ತವೆ. ಹೊಗೆಸೊಪ್ಪಿನ ಹುಳ ಹೊತ್ತೊಯ್ಯುವ ಸ್ನೇಹಿತರಲ್ಲವೇ ಅಂತ ಒಂದನ್ನೂ ಹೊಡೆದಿಲ್ಲ. ಮತ್ತೆ ತಪ್ಪಿದ್ದೆಲ್ಲಿ? ಅಮ್ಮ ಬೇರೆ ಏನಾದರೂ ಮಾಡುತ್ತಿದ್ದಳೇ? ಗೊತ್ತಿದ್ದರೆ ಎರಡು ಸಾಲು ಬರೆ.

ನಿನ್ನ ತಮ್ಮ,
ಆರ್ವಿಲ್

*

ಜುಲೈ 3

ಆರ್ವಿಲ್‌ಗೆ,

ನೀನು ಹಾಕಿದ್ದು ತೋಳಿನ ದಿನವಲ್ಲ. ಕನ್ಯೆಯ ದಿನ, ಪಂಚಾಂಗದಲ್ಲಿ ಹೂ ಹಿಡಿದು ನಿಂತವಳದು. ನಾನು ಜಗಲಿಯಿಂದಲೇ ನೋಡಿದೆ. ಹೂವಿನ ಹುಡುಗಿಯ ದಿನ ಹಾಕಿದರೆ ಮೈತುಂಬ ಹೂ, ಮಡಿಲಲ್ಲಿ ಸೊನ್ನೆ. ಹಳೆಯ ವರ್ಷದ ಪಂಚಾಂಗ ನೋಡಿರುತ್ತೀಯ.

ಕೆಂಪು ಹೊಟ್ಟೆಯದು ಕಣಜವಲ್ಲ. ಕಣಜಕ್ಕೆ ಸೊಂಟ ಸಪೂರ. ಇದಕ್ಕೆ ಸೊಂಟವೇ ಇಲ್ಲ, ನಿನ್ನ ಹಾಗೆ. ಹಿಂಗಾಲು ನೋಡು.

ನನ್ನ ಹೊಲದ ಪಟ್ಟೆ ಕುಂಬಳ ಚೆನ್ನಾಗಿವೆ.

ಶ್ರೀಮತಿ ಗಾರ್ಲೆಂಡ್ ಪೆನ್‌ಲ್ಯಾಂಡ್

*

ಜುಲೈ 6

ಅಕ್ಕನಿಗೆ,

ಅಕ್ಕನಿಗೆ ಬರೆದೆ, ಗಂಡನ ಹೆಸರು ಹೊತ್ತ ಶ್ರೀಮತಿ ಗಾರ್ಲೆಂಡ್ ಅವರು ಉತ್ತರ ಕೊಟ್ಟರು. ಇರಲಿ, ಅವರಿಗೂ ನನ್ನ ನಮಸ್ಕಾರ.

ನೀನು ಹೇಳಿದೆ ಅಂತ ನೆತ್ತಿ ಸುಡುವ ಬಿಸಿಲಲ್ಲಿ ಕುಂಬಳದ ಪಾತಿಯಲ್ಲಿ ಬೋರಲು ಮಲಗಿದೆ. ಒಡೆಲ್ ಜೀಪು ನಿಲ್ಲಿಸಿ ಕೂಗಿದ, "ಆರ್ವಿಲ್! ಸತ್ತೋದ್ಯೇನೋ?"

"ಇಲ್ಲ ಕಣೋ, ಒಬ್ಬಳ ಕಾಲು ನೋಡ್ತಾ ಇದ್ದೀನಿ!" ಅಂದೆ.

ನೋಡಿದೆ. ಸೀಸೆ ಬೋರಲು ಹಾಕಿ ಹಿಡಿದು ಸರಿಯಾಗಿಯೇ ನೋಡಿದೆ. ಮುಂದಿನ ರೆಕ್ಕೆ ಕಪ್ಪು; ಬಿಸಿಲು ಬಿದ್ದರೆ ಹುಂಜದ ಬಾಲದ ಹಾಗೆ ಹಸಿರು ಹೊಳೆಯುತ್ತದೆ. ಹಿಂದಿನ ರೆಕ್ಕೆ ಬರೀ ಗಾಜು, ಆಚೆಯದೆಲ್ಲ ಕಾಣುತ್ತದೆ. ಹೊಟ್ಟೆ ಕೆಂಡ, ಮೇಲೆ ಸಾಲಾಗಿ ಕರಿ ಬೊಟ್ಟು. ಹಿಂಗಾಲಿಗೆ ಕೆಂಪು ಕಪ್ಪು ಕೂದಲಿನ ದಟ್ಟ ಜಾಲರಿ, ಥೇಟ್ ಉಣ್ಣೆಯ ಚಲ್ಲಣ. ಜುಲೈನಲ್ಲಿ ಉಣ್ಣೆ ಚಲ್ಲಣ ಹಾಕಿಕೊಂಡು ತಿರುಗುವವರು ಈ ಕಣಿವೆಯಲ್ಲಿ ಇಬ್ಬರೇ, ಇದು ಮತ್ತು ಗಾರ್ಲೆಂಡ್ ಭಾವ.

ಪತಂಗ ಅಕ್ಕಾ, ಇದು ಪತಂಗ! ಪತಂಗ ಅಂದರೆ ರಾತ್ರಿ ದೀಪಕ್ಕೆ ಬಿದ್ದು ಸಾಯುವ ಬಡಪ್ರಾಣಿ ಅಂದುಕೊಂಡಿದ್ದೆ. ಇದು ಹಾಡಹಗಲೇ ಕಣಜದ ವೇಷ ಹಾಕಿಕೊಂಡು, ನನ್ನ ಕೈಲೇ ಸಲಾಂ ಹೊಡೆಸಿಕೊಂಡು ಓಡಾಡುತ್ತಿತ್ತು. ಇದಕ್ಕೆ ಊಟದ ಚಿಂತೆ ಇಲ್ಲ, ಒಂದು ತೊಟ್ಟು ಹೂವಿನ ರಸ ಕುಡಿದರೆ ಹೆಚ್ಚು. ಉಣ್ಣುವವರು ಇದರ ಮಕ್ಕಳು. ದಂಟಿನ ಬುಡದಲ್ಲಿ ಒಂದೊಂದೇ ಮೊಟ್ಟೆ ಅಂಟಿಸಿ ಹೋಗುತ್ತದೆ, ಚಪ್ಪಟೆ, ಇಟ್ಟಿಗೆ ಬಣ್ಣ, ಸಾಸಿವೆಗಿಂತ ಸಣ್ಣದು. ಅದು ಒಡೆದು ಮರಿ ದಂಟಿನೊಳಕ್ಕೆ ಕೊರೆದುಕೊಂಡು ಹೋಗುತ್ತದೆ. ಹೊರಗೆ ಕಾಣುವುದು ಒದ್ದೆ ಮರದ ಪುಡಿಯಂಥ ಹಿಕ್ಕೆ ಮಾತ್ರ. ನಾನು ಅದನ್ನು ಮಣ್ಣು ಅಂತ ಒರೆಸಿ ಹಾಕುತ್ತಿದ್ದೆ!

ಬಾಡಿದ ಬಳ್ಳಿಯೊಂದನ್ನು ಚಾಕುವಿನಲ್ಲಿ ಉದ್ದಕ್ಕೆ ಸೀಳಿದೆ. ಬೆಳ್ಳಗೆ ಕೊಬ್ಬಿದ, ಕಂದು ತಲೆಯ ಹುಳುಗಳು. ಒಬ್ಬರ ಹಿಂದೆ ಒಬ್ಬರು, ಚರ್ಚಿನ ಬೆಂಚಿನಲ್ಲಿ ಕೂತ ಹಾಗೆ ಕೂತು ಅಮ್ಮನ ಕುಂಬಳ ತಿನ್ನುತ್ತಿದ್ದವು. ನನಗೆ ಬಂದ ಸಿಟ್ಟಿಗೆ ಅವುಗಳನ್ನು ಕೋಳಿಗೆ ಹಾಕಿ, ಕೋಳಿ ತಿನ್ನುವುದನ್ನು ನಿಂತು ನೋಡಿದೆ.

ಉಳಿದ ಬಳ್ಳಿಗಳ ಬುಡಕ್ಕೆ ಬಟ್ಟೆ ಸುತ್ತಿದರೆ ಮೊಟ್ಟೆ ಇಡಲು ಆಗುವುದಿಲ್ಲ. ಬಿಗಿಯಾಗಿರಬೇಕು, ಬಳ್ಳಿ ದಪ್ಪವಾದರೆ ಹಿಗ್ಗಲೂಬೇಕು. ನಿನ್ನ ಹರಿದ ನೈಲಾನ್ ಕಾಲುಚೀಲ ಇದ್ದರೆ ಕಳಿಸು. ಮದುವೆಯಾಗದ ಗಂಡಸಿನ ಮನೆಯಲ್ಲಿ ಅದು ಸಿಗುವುದಿಲ್ಲ. ಸಿಕ್ಕರೆ ಇನ್ನೂ ಕಷ್ಟ.

ಆರ್ವಿಲ್

*

ಜುಲೈ 11

ಆರ್ವಿಲ್,

ನಿನಗೆ ಸ್ವಲ್ಪವಾದರೂ ಬುದ್ಧಿ ಇದೆಯೇ? ನಾನು ಕಳಿಸುವುದು ಎರಡು ದಿನ ತಡವಾಯಿತು ಅಂತ ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಹೆಂಗಸರ ಹಳೆಯ ಕಾಲುಚೀಲ ಬೇಡಿದೆಯಂತೆ. ಯಾಕೆ ಎಂದು ಕೇಳಿದ್ದಕ್ಕೆ "ನನ್ನ ಹುಡುಗೀರ ಕಾಲಿಗೆ ಚಳಿ" ಅಂದೆಯಂತೆ. ಪಾದ್ರಿಯ ಹೆಂಡತಿ ಗಾರ್ಲೆಂಡ್‌ನನ್ನು ತಡೆದು, "ನಿಮ್ಮ ಭಾವಮೈದುನ ಹುಷಾರಾಗಿದ್ದಾನಾ?" ಎಂದು ಕೇಳಿದಳು. ಗಾರ್ಲೆಂಡ್ ಕೆಮ್ಮುವ ಹಾಗೆ ಮಾಡಿ ನಕ್ಕನಂತೆ. ಮನೆಗೆ ಬಂದ ಮೇಲೆ ನಗಲು ನಾನು ಬಿಡಲಿಲ್ಲ.

ಇದರ ಜೊತೆ ನಾಲ್ಕು ಇವೆ. ಕುಂಬಳಕ್ಕೆ. ಒಡೆಲ್ ಮುಂದೆ ಬಿಚ್ಚಬೇಡ.

ಡೋವಿ ಪೆನ್‌ಲ್ಯಾಂಡ್

*

ಜುಲೈ 25

ಅಕ್ಕಾ,

ಕಾಲುಚೀಲ ಸುತ್ತಿದೆ. ಚೆನ್ನಾಗಿ ಕಂಡವು, ನಾಲ್ಕು ಬಳ್ಳಿಯೂ ಕುಣಿಯಲು ಹೊರಟ ಹಾಗೆ. ಏನೂ ಪ್ರಯೋಜನವಾಗಲಿಲ್ಲ. ಕಳ್ಳ ಒಳಗಿರುವಾಗ ಬಾಗಿಲಿಗೆ ಬೀಗ ಹಾಕಿದ್ದೆ. ಹುಳ ಆಗಲೇ ಒಳಗೆ ಸೇರಿತ್ತು. ನಾನು ಅದಕ್ಕೆ ಹಾಸಿಗೆ ಬೆಚ್ಚಗೆ ಮಾಡಿಕೊಟ್ಟೆ, ಅಷ್ಟೇ.

ಮತ್ತೆ ಚಾಕು ಹಿಡಿದೆ. ದಂಟು ಸೀಳುವುದು, ಹುಳ ತೆಗೆಯುವುದು, ಸೀಳಿದ ಜಾಗಕ್ಕೆ ಮಣ್ಣು ಮೆತ್ತುವುದು. ನನ್ನ ಕೈ ನಿನಗೆ ಗೊತ್ತಲ್ಲ, ಹಂದಿ ಕೊಯ್ಯುವ ಕೈ. ಮೂರು ಬಳ್ಳಿ ನನ್ನ ವೈದ್ಯಕ್ಕೇ ಸತ್ತವು. ಸತ್ಯ ಹೇಳುತ್ತೇನೆ, ಮೂರನೆಯದು ಬಿದ್ದಾಗ ಚಾಕುವನ್ನು ಹಳ್ಳಕ್ಕೆ ಎಸೆದೆ. ಆಮೇಲೆ ಪ್ಯಾಂಟು ಮಡಿಸಿ ಇಳಿದು ಹುಡುಕಿದೆ. ಸಿಗಲಿಲ್ಲ. ಒಳ್ಳೆಯ ಚಾಕು.

ಈಗ ಉಳಿದಿರುವುದು ಒಂದೇ ಬಳ್ಳಿ. ಅದರ ಬುಡದಲ್ಲೂ ಹಿಕ್ಕೆ ಕಾಣುತ್ತಿದೆ. ಆದರೆ ಬಳ್ಳಿ ಗಟ್ಟಿಗಿತ್ತಿ, ಇಳಿಜಾರಿನಲ್ಲಿ ಬೇಲಿಯ ಕಡೆ ಓಡುತ್ತಿದೆ. ಗೆಣ್ಣುಗೆಣ್ಣಿಗೂ ಮಣ್ಣು ಏರಿಸುತ್ತಿದ್ದೇನೆ, ಮಣ್ಣು ಸಿಕ್ಕರೆ ಗೆಣ್ಣಿನಲ್ಲೂ ಬೇರು ಬಿಡುತ್ತದಲ್ಲ. ಬುಡದಿಂದ ಹುಳ ತಿನ್ನುತ್ತಾ ಬರುತ್ತಿದೆ, ತುದಿಯಿಂದ ಬಳ್ಳಿ ಓಡುತ್ತಿದೆ. ಯಾರು ಗೆಲ್ಲುತ್ತಾರೋ ನೋಡಬೇಕು. ನನಗಂತೂ ನಿದ್ದೆ ಬರುತ್ತಿಲ್ಲ, ತಮಾಷೆಯೂ ಬರುತ್ತಿಲ್ಲ.

ನಿನ್ನ ಪಟ್ಟೆ ಕುಂಬಳವನ್ನು ಇದು ಯಾಕೆ ಮುಟ್ಟುವುದಿಲ್ಲ?

ಆರ್ವಿಲ್

*

ಆಗಸ್ಟ್ 5

ಆರ್ವಿಲ್,

ಪಟ್ಟೆ ಕುಂಬಳದ ದಂಟು ಗಟ್ಟಿ, ಅದಕ್ಕೇ ಮುಟ್ಟುವುದಿಲ್ಲ. ರೋಸ್ಟರ್‌ನದು ಮೆತ್ತಗೆ, ಒಳಗೆ ಟೊಳ್ಳು. ಹುಳಕ್ಕೇ ಮನೆ ಕಟ್ಟಿಟ್ಟ ಹಾಗೆ.

ಈಗ ಬೇರೆ ವಿಷಯ. ನಿನ್ನ ಬಳ್ಳಿ ಬೇಲಿಯ ಕೆಳಗೆ ನುಸುಳಿ ನನ್ನ ಹೊಲಕ್ಕೆ ಬಂದಿದೆ. ಎರಡು ಮಾರು ಒಳಗೆ. ಬೀನ್ಸ್ ಸಾಲಿನ ಮೇಲೆ ಕೈ ಹಾಕುತ್ತಿದೆ. ಅದನ್ನು ಕೊಯ್ಯುವವಳು ನಾನಲ್ಲ. ಆರೈಕೆ ಮಾಡುವವಳೂ ನಾನಲ್ಲ.

ಅಮ್ಮ ಸಾಯುವಾಗ ಬೀಜ ನಿನಗೆ ಅಂದಳು, ಹಳ್ಳದ ಪಕ್ಕದ ಹೊಲ ನನಗೆ ಅಂದಳು. ಅವಳನ್ನು ಮಣ್ಣು ಮಾಡಿ ಬಂದ ಸಂಜೆ ನಾನು ಒಂದು ಹಿಡಿ ಬೀಜ ಕೇಳಿದೆ. ನೀನು ಅಷ್ಟು ಜನರ ಮುಂದೆ, "ಒಂದ್ ಹಿಡಿ ಬೀಜಕ್ಕೆ ಒಂದ್ ಹಿಡಿ ಮಣ್ಣು ಕೊಡ್ತೀಯಾ?" ಅಂದು ನಕ್ಕೆ. ಎಲ್ಲರೂ ನಕ್ಕರು. ನನ್ನ ಉಗುರಿನಲ್ಲಿ ಅವಳ ಗುಂಡಿಯ ಮಣ್ಣು ಇನ್ನೂ ಇತ್ತು.

ನಿನ್ನ ಬಳ್ಳಿ ಏನು ಮಾಡಬೇಕು ಹೇಳು.

ಡೋವಿ

*

ಆಗಸ್ಟ್ 9

ಅಕ್ಕನಿಗೆ,

ನಿನ್ನ ಕಾಗದ ಓದಿ ಉತ್ತರ ಬರೆಯಲು ಕೂತೆ. ಬರೆದದ್ದನ್ನೆಲ್ಲ ಒಲೆಗೆ ಹಾಕಿದೆ.

ಬಳ್ಳಿಯ ವಿಷಯ ಮಾತ್ರ ಬರೆಯುತ್ತೇನೆ, ಅದಕ್ಕೆ ಕಾಯುವ ಪುರುಸೊತ್ತಿಲ್ಲ. ಬೇಲಿಯ ಈ ಕಡೆ ಅದು ಸತ್ತಿದೆ. ಬುಡ ಮುಟ್ಟಿದರೆ ಕೊಳೆತ ನಾರು ಕೈಗೆ ಬರುತ್ತದೆ. ನಾನು ಮಣ್ಣು ಏರಿಸಿದ ಗೆಣ್ಣುಗಳನ್ನೂ ಹುಳ ಬಿಡಲಿಲ್ಲ. ಈಗ ಜೀವ ಇರುವುದು ನಿನ್ನ ಕಡೆಗೆ ದಾಟಿದ ಭಾಗದಲ್ಲಿ ಮಾತ್ರ. ಬೇಲಿಯ ಮೇಲೆ ಬಗ್ಗಿ ನೋಡಿದೆ: ಆಚೆ ಒಂದು ಗೆಣ್ಣು ತಾನೇ ಬೇರು ಇಳಿಸಿದೆ, ಅದರ ಮುಂದೆ ಒಂದು ಹೆಣ್ಣು ಹೂವು, ಹೂವಿನ ಹಿಂದೆ ಹೆಬ್ಬೆರಳಿನಷ್ಟು ಕಾಯಿ.

ನಿನ್ನ ಹೊಲಕ್ಕೆ ಕಾಲಿಡಬಾರದು ಅಂತ ನೀನು ಆವತ್ತೇ ಹೇಳಿದ್ದೀಯ. ಇಡುವುದಿಲ್ಲ. ಹತ್ತಿರ ಹೋಗಿ ಹಿಕ್ಕೆ ಇದೆಯೇ ಅಂತ ನೋಡು. ಇದ್ದರೆ ಒರೆಸಬೇಡ, ಸೀಳಿ ಹುಳ ತೆಗೆ. ನಿನ್ನ ಕೈ ನನ್ನ ಕೈಗಿಂತ ಮೆತ್ತಗೆ. ಗೆಣ್ಣುಗಳಿಗೆ ಒಂದೊಂದು ಹಿಡಿ ಮಣ್ಣು ಹಾಕು.

ಹಾಕದಿದ್ದರೆ ಅದೂ ಸರಿ. ಮಣ್ಣು ನಿನ್ನದು.

ಆರ್ವಿಲ್

*

ಆಗಸ್ಟ್ 31

ಅಕ್ಕನಿಗೆ,

ಮೂರು ವಾರ ನಿನ್ನಿಂದ ಒಂದು ಸಾಲೂ ಇಲ್ಲ. ಒಡೆಲ್ ನನ್ನ ಪೆಟ್ಟಿಗೆ ಮುಂದೆ ಜೀಪಿನ ವೇಗ ಕಡಿಮೆ ಮಾಡಿ, ತಲೆ ಅಲ್ಲಾಡಿಸಿ ಹೋಗುತ್ತಾನೆ, ಕಾಯಿಲೆಯ ಮನೆಯ ಮುಂದೆ ವೈದ್ಯ ಹೋದ ಹಾಗೆ.

ಆದರೆ ಬೇಲಿಯಿಂದ ಕಾಣುತ್ತದೆ. ಗೆಣ್ಣುಗಳ ಮೇಲೆ ಗುಪ್ಪೆ ಗುಪ್ಪೆ ಮಣ್ಣು. ಅಂಗಡಿಯಲ್ಲಿ ಭಾವ ಸಿಕ್ಕಿದ್ದ. "ಭಾವಾ, ಆ ಮಣ್ಣು ನೀನು ಹಾಕಿದ್ದಾ?" ಅಂದೆ. "ನಂಗೇನು ಗೊತ್ತಪ್ಪಾ! ಇಲಿ ಬಿಲ ತೋಡಿರ್ಬೇಕು" ಅಂದ. ಸಾಲಾಗಿ, ಅಂಗೈಯಲ್ಲಿ ಮೇಲೆ ತಟ್ಟಿ ಹೋಗುವ ಇಲಿ! ನಿಮ್ಮ ಹೊಲದಲ್ಲಿ ಇಲಿಗಳು ಬಹಳ ಅಚ್ಚುಕಟ್ಟು.

ಇನ್ನೊಂದು ವಿಷಯ. ಜಿಲ್ಲೆಯ ಕೃಷಿ ಅಧಿಕಾರಿ ಮೊನ್ನೆ ಈ ಕಡೆ ಬಂದಿದ್ದ. ಒಳ್ಳೆಯ ಮನುಷ್ಯ, ಪಾತಿಯಲ್ಲಿ ನನ್ನ ಜೊತೆ ಮಂಡಿಯೂರಿ ಕೂತ. ಮಿಥುನವೋ ಕನ್ಯೆಯೋ ಅಂತ ಕೇಳಿದೆ. "ನನ್ನಜ್ಜಿ ಇದ್ದಿದ್ರೆ ಹೇಳೋಳು, ನಂಗೊತ್ತಿಲ್ಲ. ಹೋದ ವರ್ಷ ಕುಂಬಳ ಎಲ್ಲಿ ಹಾಕಿದ್ರಿ?" ಅಂದ.

"ಇಲ್ಲೇ."

"ಅದರ ಹಿಂದಿನ ವರ್ಷ?"

"ಇಲ್ಲೇ. ಮನೆ ಹಿಂದೆ ಬಿಸಿಲು ಬೀಳೋ ಜಾಗ ಇದೊಂದೇ. ಉಳಿದದ್ದೆಲ್ಲ ಬಂಡೆ."

ಅವನು ಬೆರಳಿನಲ್ಲಿ ಮಣ್ಣು ಕೆದಕಿದ. ನೆಲಗಡಲೆ ಕಾಯಿಯಷ್ಟು ಉದ್ದದ, ಮಣ್ಣು ಮೆತ್ತಿದ ಕಂದು ಗೂಡೊಂದು ಎದ್ದು ಬಂತು. ಹುಳ ಹೊಟ್ಟೆ ತುಂಬ ತಿಂದ ಮೇಲೆ ದಂಟಿನಿಂದ ಇಳಿದು, ಅಲ್ಲೇ ಬುಡದಲ್ಲಿ ನಾಲ್ಕು ಬೆರಳು ಕೆಳಗೆ ಈ ಗೂಡು ಕಟ್ಟಿಕೊಂಡು ಮಲಗುತ್ತದಂತೆ. ಮೇಲೆ ಹಿಮ ಬಿದ್ದರೂ ಅದಕ್ಕೆ ಸುಖನಿದ್ದೆ. ಬೇಸಿಗೆ ಬಂದಾಗ ಚಲ್ಲಣ ಏರಿಸಿಕೊಂಡು ಎದ್ದರೆ, ಮೂಗಿನ ಮುಂದೆ ನಾನು ಹೊಸ ಕುಂಬಳ ಬಡಿಸಿಟ್ಟಿರುತ್ತೇನೆ. ಹುಡುಕಿಕೊಂಡು ಹೋಗುವ ಕಷ್ಟವೂ ಇಲ್ಲ.

ನಾಲ್ಕು ವರ್ಷ ನಾನು ಕುಂಬಳ ಬೆಳೆಯಲಿಲ್ಲ ಅಕ್ಕಾ, ಪತಂಗ ಬೆಳೆದೆ.

ಅಮ್ಮ ಒಂದು ವರ್ಷ ಇಲ್ಲಿ ಮೇಲೆ, ಒಂದು ವರ್ಷ ಕೆಳಗೆ ಹಳ್ಳದ ಹತ್ತಿರ ಹಾಕುತ್ತಿದ್ದಳಲ್ಲ? ನಾನು ಅದನ್ನು ಅವಳ ಚಪಲ ಅಂದುಕೊಂಡಿದ್ದೆ.

ಕಾಯಿ ಎಷ್ಟುದ್ದ ಆಗಿದೆ, ಇಲಿಯನ್ನು ಕೇಳಿ ಬರೆ.

ಆರ್ವಿಲ್

*

ಸೆಪ್ಟೆಂಬರ್ 30

ಆರ್ವಿಲ್,

ಮೊಣಕೈಯಿಂದ ಬೆರಳ ತುದಿವರೆಗೆ ಇದೆ. ಹೂ ಇನ್ನೂ ಮೂರು ಬಿಟ್ಟಿತ್ತು, ಎಲ್ಲ ಉದುರಿತು. ಒಂದೇ ಕಾಯಿ.

ಹುಳ ಎರಡು ಸಿಕ್ಕವು. ತಲೆಪಿನ್ನಿನಲ್ಲಿ ತೆಗೆದೆ.

ಮೇಲಿನ ಬೆಟ್ಟದಲ್ಲಿ ಆಗಲೇ ಇಬ್ಬನಿ ಗಟ್ಟಿಯಾಗಿದೆ ಅಂತ ರೇಡಿಯೋ ಹೇಳಿತು. ಸಂಜೆಯಾದರೆ ಬಟ್ಟೆ ಒಗೆಯುವ ತೊಟ್ಟಿಯನ್ನು ಕಾಯಿಯ ಮೇಲೆ ಬೋರಲು ಹಾಕಿಸುತ್ತೇನೆ. ಗಾರ್ಲೆಂಡ್, "ನಂಗೆ ಜ್ವರ ಬಂದಾಗ ಒಂದು ಕಂಬಳಿ ಹೊದಿಸಿದ್ಯೇನೇ?" ಅನ್ನುತ್ತಾನೆ.

ಇನ್ನೂ ಹಸಿರು ಗೀರುಗಳಿವೆ. ಬಣ್ಣ ಪೂರ್ತಿ ತಿರುಗುವ ಮೊದಲು ಕೊಯ್ದರೆ ಒಳಗೆ ಬೀಜ ಜೊಳ್ಳು. ಕೊಯ್ಯದೆ ಮಂಜು ಬಿದ್ದರೆ ಕಾಯಿ ನೀರು. ನೀನು ಬೇಲಿಯ ಮೇಲೆ ಬಗ್ಗಿ ಬಗ್ಗಿ ನೋಡಿದರೆ ಅದು ಬೇಗ ಬಲಿಯುವುದಿಲ್ಲ. ಬೇಲಿ ಮುರಿಯುತ್ತದೆ, ಅಷ್ಟೇ.

ಡೋವಿ

*

ಅಕ್ಟೋಬರ್ 14

ಅಕ್ಕನಿಗೆ,

ಮೊನ್ನೆ ಬಿದ್ದ ಮಂಜಿಗೆ ನನ್ನ ಕಡೆ ಕಳೆಯೂ ಉಳಿಯಲಿಲ್ಲ. ಹಿಂದಿನ ಸಂಜೆಯೇ ನೀನು ಕಾಯಿ ಕೊಯ್ದು ಏಪ್ರನ್ನಿನಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಹೋದದ್ದನ್ನು ನೋಡಿದೆ. ನಾನು ಬೇಲಿಯ ಹತ್ತಿರ ಬರಲಿಲ್ಲ, ಕಿಟಕಿಯಿಂದಲೇ ನೋಡಿದೆ. ಅಲ್ಲಿಂದ ಬಣ್ಣ ತಿಳಿಯಲಿಲ್ಲ.

ನನ್ನ ಪಾತಿಯನ್ನು ಪೂರ್ತಿ ಅಗೆದು ಮಗುಚಿದ್ದೇನೆ. ಗೂಡುಗಳು ಆಲೂಗಡ್ಡೆ ಬಂದ ಹಾಗೆ ಬಂದವು. ಕೋಳಿಗಳು ತಿಂದು ತಿಂದು ನಡೆಯಲಾರದೆ ಕೂತಿವೆ. ಎಷ್ಟೇ ಅಗೆದರೂ ಒಂದಷ್ಟು ಒಳಗೇ ಉಳಿದಿರುತ್ತವೆ. ಮಲಗಿರಲಿ. ಮುಂದಿನ ಬೇಸಿಗೆಯಲ್ಲಿ ಎದ್ದಾಗ ಅವಕ್ಕೆ ಅಲ್ಲಿ ಈರುಳ್ಳಿ ಬಡಿಸಿರುತ್ತೇನೆ. ಅಳುತ್ತಾ ಹೋಗಲಿ.

ಕಾಯಿಯೊಳಗಿನ ಬೀಜ ಜೊಳ್ಳಾಗಿದ್ದರೆ ಇಲ್ಲಿಗೆ ಮುಗಿಯಿತು, ನಾನು ಇನ್ನೇನೂ ಬರೆಯಬೇಕಾಗಿಲ್ಲ. ಬಲಿತಿದ್ದರೆ ಅದನ್ನು ಹಾಕುವುದು ಎಲ್ಲಿ? ನನ್ನ ಕಡೆ ಬಂಡೆ, ಬಂಡೆ ಬಿಟ್ಟರೆ ಪತಂಗದ ಮಲಗುವ ಮನೆ. ಮಾಡಿನ ಮೇಲೆ ಹಾಕೋಣ ಅಂದರೆ ಅದು ನನ್ನ ಭಾರಕ್ಕೇ ಕಿರುಗುಟ್ಟುತ್ತದೆ. ಇನ್ನು ನನ್ನ ಟೋಪಿಯೊಳಗೆ...

ನೋಡಿದೆಯಾ? ಬರೆಯಬೇಕಾದ ಮಾತಿನ ಹತ್ತಿರ ಬಂದಾಗಲೆಲ್ಲ ಕೈಗೆ ತಮಾಷೆ ಸಿಗುತ್ತದೆ. ಬೆಳಿಗ್ಗೆಯಿಂದ ಮೂರು ಹಾಳೆ ಹರಿದೆ, ಮೂರರಲ್ಲೂ ಇದೇ ಜಾಗಕ್ಕೆ ಬಂದು ತಪ್ಪಿಸಿಕೊಂಡೆ. ಚಾಕುವಿನಲ್ಲಿ ದಂಟು ಸೀಳುವುದು ಇದಕ್ಕಿಂತ ಸುಲಭ. ಈ ಸಲ ನೇರವಾಗಿ ಬರೆಯುತ್ತೇನೆ. ಅಕ್ಕಾ, ನಿನ್ನ ಹೊಲದಲ್ಲಿ

ತಾಳು, ನಾಯಿ ಬೊಗಳುತ್ತಿದೆ. ಬೇಲಿಯ ಹತ್ತಿರ ಯಾರೋ ನಿಂತಿದ್ದಾರೆ.

ನೀನು.

"ಏ ಆರ್ವಿಲ್! ಕೇಳಿಸ್ತೇನೋ? ಕಾಯಿ ಹೆಚ್ಚಿದ್ದೀನಿ, ಬೀಜ ಗಟ್ಟಿ ಇದೆ ಕಣೋ! ಅದೇನು ಗೀಚ್ತಾ ಕೂತಿದ್ದೀಯ, ಊಟಕ್ಕೆ ಬಾ! ಬರ್ತಾ ಸಲಿಕೆ ತಗೊಂಬಾ, ಉಂಡ್ಮೇಲೆ ಹಳ್ಳದ ಹತ್ರ ಅಗೀಬೇಕು! ಎದ್ದೇಳೋ, ರೊಟ್ಟಿ ಆರ್ತಾ ಇದೆ!"

ಬಂದೆ,
ಆರ್ವಿಲ್